ನಾಲ್ಕು ಸೈಕಲ್ಲು ಕಟ್ಟಿದ ಬಗೆ

ಅಜ್ಜಂಪುರ ಕ್ಯಾಂಪು
12-1-1959

ಬೀರೂರಿನ ಮಾವನವರಾದ ಬೆನಕಪ್ಪನವರ ಪಾದಗಳಿಗೆ ಅಳಿಯ ಕಲ್ಲೇಶಪ್ಪನ ಶರಣು.

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ನೀವು, ಅತ್ತೆಯವರು, ಮಲ್ಲಿಕಾಂಬ, ಕೂಸು ಎಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದೆ. ಆಗುವುದಿಲ್ಲ. ಸಾಹೇಬರು ನನ್ನ ರಜೆ ಅರ್ಜಿಯನ್ನು ಓದದೆಯೇ ಫೈಲಿನ ಕೆಳಗೆ ಇಟ್ಟರು. ಭಾನುವಾರವೂ ಬರುವಂತಿಲ್ಲ, ಉಳಿದವರೆಲ್ಲ ಅವರವರ ಊರಿಗೆ ಹೋಗುತ್ತಾರೆ, ಸಾಮಾನು ಕಾಯಲು ಡ್ರೈವರ್ ಇರಲೇಬೇಕು.

ಒಂದು ವಿಷಯದಲ್ಲಿ ನಿಮ್ಮ ಬುದ್ಧಿ ಬೇಕಾಗಿ ಈ ಕಾಗದ. ನಮ್ಮ ಮಲೇರಿಯಾ ತಂಡದ ಜೀಪಿಗೆ ಈಗ ಒಂದು ಟ್ರೈಲರ್ ಕೊಟ್ಟಿದ್ದಾರೆ. ಎರಡು ಚಕ್ರದ ಮೇಲೆ ತಗಡಿನ ಒಂದು ಕೋಣೆ, ಒಳಗೆ ಮಲಗಲು ಎರಡು ಹಲಗೆ, ಸ್ಟೌವಿಗೆ ಒಂದು ಗೂಡು, ಒಂದು ಕಿಟಕಿ. ಹಳ್ಳಿಯವರು ಗಾಲಿ ಮನೆ ಎನ್ನುತ್ತಾರೆ. ಹೆಂಗಸರು ಬಾಗಿಲಲ್ಲಿ ಇಣುಕಿ, ಇದರೊಳಗೆ ರೊಟ್ಟಿ ತಟ್ಟುತ್ತೀರಾ ಎಂದು ಕೇಳಿ ನಗುತ್ತಾರೆ. ಜೀಪು ಹೋಗುವ ರಸ್ತೆ ಮುಗಿದ ಮೇಲೆ, ಮನೆಗಳ ಗೋಡೆಗೆ ಸೊಳ್ಳೆ ಔಷಧಿ ಹೊಡೆಯುವ ನಾಲ್ವರು ಸೈಕಲ್ಲಿನಲ್ಲಿ ಒಳಹಳ್ಳಿಗಳಿಗೆ ಹೋಗಬೇಕು. ಆ ನಾಲ್ಕು ಸರ್ಕಾರಿ ಸೈಕಲ್ಲನ್ನು ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿಸುವುದು ನನ್ನ ತಲೆನೋವು.

ಜೀಪಿಗೂ ಟ್ರೈಲರಿಗೂ ನಡುವಿನ ಕಬ್ಬಿಣದ ಕತ್ತಿನ ಮೇಲೆ ಕಟ್ಟಿದೆ. ರೈಲ್ವೆ ಗೇಟಿನ ತಿರುವಿನಲ್ಲೇ ಜೀಪಿನ ಮೂಲೆ ಬಡಿದು ಹ್ಯಾಂಡಲ್ ಸೊಟ್ಟಗಾಯಿತು. ಟ್ರೈಲರಿನ ಚಾವಣಿಯ ಮೇಲೆ ಕಟ್ಟಿದೆ. ಶಿವನಿ ರಸ್ತೆಯ ಹುಣಿಸೆ ಕೊಂಬೆ ಒಂದು ಸೀಟನ್ನು ಕಿತ್ತುಕೊಂಡಿತು. ಹಿಂಬದಿಗೆ ನೇತುಹಾಕಿದೆ. ಹಿಂದೆ ಭಾರ ಹೆಚ್ಚಾಗಿ ಮುಂದಿನ ಕತ್ತು ಎದ್ದು, ಟ್ರೈಲರ್ ಬಾಲ ಬಡಿಯತೊಡಗಿತು, ಜೀಪನ್ನೂ ಎಳೆದಾಡಿತು. ಚರಂಡಿಗೆ ಹೋದೆವೆಂದೇ ತಿಳಿದಿದ್ದೆ. ಈಗ ಕೋಣೆಯೊಳಗೇ ಹಾಕುತ್ತಿದ್ದೇನೆ. ಒಂದರ ಮೇಲೊಂದು ಬಿದ್ದು ಚಕ್ರದ ಕಡ್ಡಿ ಮುರಿಯುತ್ತವೆ.

ಏಪ್ರಿಲ್‌ನಲ್ಲಿ ಖಾಯಂ ಮಾಡುವವರ ಪಟ್ಟಿ ಬರುತ್ತದೆ. ಸರ್ಕಾರಿ ಸಾಮಾನು ಹಾಳುಮಾಡಿದ ಎಂದು ರಿಪೋರ್ಟಿನಲ್ಲಿ ಒಂದು ಸಾಲು ಬಿದ್ದರೆ ಆರು ವರ್ಷದ ಚಾಕರಿ ನೀರಿನಲ್ಲಿ ಹೋಮ. ಖಾಯಂ ಆದರೆ ಕಡೂರಿನಲ್ಲಿ ಮನೆ ಕೊಡುತ್ತಾರೆ. ಮಲ್ಲಿಕಾಂಬಳನ್ನೂ ಕೂಸನ್ನೂ ಅಲ್ಲಿಗೇ ಕರೆದುಕೊಂಡು ಹೋಗುವ ಆಸೆ. ಮೂವತ್ತು ವರ್ಷ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಸಾವಿರಾರು ಸೈಕಲ್ ಸಾಗಿಸಿದವರು ನೀವು. ಹೇಗೆ ಕಟ್ಟಬೇಕು ತಿಳಿಸಿ.

ನಿಮ್ಮ ವಿಧೇಯ,
ಕಲ್ಲೇಶಪ್ಪ


ಬೀರೂರು
18-1-1959

ಚಿ. ಅಳಿಯಂದಿರಾದ ಕಲ್ಲೇಶಪ್ಪನವರಿಗೆ ಬೆನಕಪ್ಪನ ಆಶೀರ್ವಾದಗಳು.

ಕಾಗದ ಸಂಕ್ರಾಂತಿಯ ದಿನವೇ ಕೈಸೇರಿತು. ಎಳ್ಳು ಬೆಲ್ಲವನ್ನು ನಿಮ್ಮ ಹೆಸರಿನಲ್ಲಿ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ ನಿಮ್ಮ ಅತ್ತೆ. ಇರುವೆಗೆ ಸಿಗುವ ಮೊದಲು ಬಂದರೆ ನಿಮಗೇ ಸಿಗುತ್ತದೆ.

ನೀವು ಕೇಳಬೇಕಾದವರನ್ನೇ ಕೇಳಿದ್ದೀರಿ. ನಿವೃತ್ತನಾಗಿ ಹದಿನಾಲ್ಕು ತಿಂಗಳಾಯಿತು. ಈ ಅವಧಿಯಲ್ಲಿ ನನ್ನನ್ನು ಒಂದು ವಿಷಯ ಕೇಳಿದವರು ನೀವೊಬ್ಬರೇ. ಇಲ್ಲಿ ನಿಮ್ಮ ಅತ್ತೆ ಸಾರಿಗೆ ಉಪ್ಪು ಸಾಕೇ ಎಂದು ಕೂಡ ಕೇಳುವುದಿಲ್ಲ.

ಕೇಳಿ. ಸಾಗಿಸುವ ಸಾಮಾನಿಗೆ ಶತ್ರು ಒಂದೇ, ಅಲ್ಲಾಟ. ಅಲ್ಲಾಡದ ಸಾಮಾನು ಒಡೆಯುವುದಿಲ್ಲ. ಮೊದಲು ಮುಂದಿನ ಚಕ್ರ ಬಿಚ್ಚಿ. ಚಕ್ರ ಇರುವುದು ಉರುಳುವುದಕ್ಕೆ, ನಿಲ್ಲುವುದಕ್ಕಲ್ಲ. ಪೆಡಲ್ ಬಿಚ್ಚಿ, ಹ್ಯಾಂಡಲ್ಲನ್ನು ಸೈಕಲ್ಲಿನ ಉದ್ದಕ್ಕೆ ತಿರುಗಿಸಿ. ಮುಂದಿನ ಫೋರ್ಕು, ಎಂದರೆ ಚಕ್ರ ಹಿಡಿದಿರುವ ಆ ಎರಡು ಕಾಲು, ಅವು ನೆಲದ ಹಲಗೆಯ ಮೇಲೆ ನೇರವಾಗಿ ಊರಲಿ. ಒಂದರ ತಲೆ ಆ ಕಡೆ, ಇನ್ನೊಂದರ ತಲೆ ಈ ಕಡೆ. ಆಮೇಲೆ ಹುರಿಹಗ್ಗದಿಂದ ಗೋಡೆಯ ಕಬ್ಬಿಣಕ್ಕೆ ಮೂರು ಕಡೆ ಬಿಗಿಯಿರಿ. ಕೈಯಿಂದ ತಳ್ಳಿದರೆ ಸೈಕಲ್ ಜಗ್ಗಬಾರದು, ಟ್ರೈಲರ್ ಜಗ್ಗಬೇಕು. ಹೀಗೆ ಕಟ್ಟಿ ನಾನು ಹುಬ್ಬಳ್ಳಿಯವರೆಗೆ ಕಳಿಸಿದ ಒಂದು ಸೈಕಲ್ಲೂ ದೂರು ಹೊತ್ತು ವಾಪಸು ಬಂದಿಲ್ಲ.

ಮಲ್ಲಿ ಚೆನ್ನಾಗಿದ್ದಾಳೆ. ಕೂಸು ಮಗುಚಿಕೊಳ್ಳುತ್ತದೆ. ಆ ಗಾಲಿ ಮನೆಯ ವಿಷಯ ಮಲ್ಲಿಗೆ ಓದಿ ಹೇಳಲಿಲ್ಲ. ಕೇಳಿದರೆ ಅಲ್ಲಿಗೇ ಬಂದು ಸಂಸಾರ ಹೂಡುತ್ತೇನೆಂದು ಕೂತಾಳು. ನೆಲದ ಮೇಲಿನ ಮನೆಯಾಗಲಿ, ನೀವೇ ಬಂದು ಮರ್ಯಾದೆಯಿಂದ ಕರೆದುಕೊಂಡು ಹೋಗಿ.

ಬೆನಕಪ್ಪ


ಹಿರೇನಲ್ಲೂರು ಕ್ಯಾಂಪು
9-2-1959

ಮಾವನವರ ಪಾದಗಳಿಗೆ ಶರಣು.

ನೀವು ಬರೆದಂತೆಯೇ ಕಟ್ಟಿದೆ. ಅಜ್ಜಂಪುರದಿಂದ ಕಡೂರಿಗೆ, ಅಲ್ಲಿಂದ ಹಿರೇನಲ್ಲೂರಿಗೆ, ಒಂದು ಕಡ್ಡಿ ಮುರಿದಿಲ್ಲ. ಭಾರವೂ ಚಕ್ರದ ನೇರಕ್ಕೆ ಬಿದ್ದು ಟ್ರೈಲರ್ ಬಾಲ ಬಡಿಯುವುದು ನಿಂತಿದೆ. ಸಾಹೇಬರು ಬಾಗಿಲು ತೆಗೆದು ನೋಡಿ, ಯಾರಪ್ಪಾ ಹೇಳಿಕೊಟ್ಟಿದ್ದು ಎಂದರು. ನಾನು ನಕ್ಕು ಸುಮ್ಮನಾದೆ.

ನಮ್ಮ ತಂಡದ ಲಕ್ಕಣ್ಣ ಎಂಬುವನು ಚೌಳಹಿರಿಯೂರಿನವನು, ಔಷಧಿ ಹೊಡೆಯುವವರಲ್ಲಿ ಹಿರಿಯ. ಅವನಿಗೆ ಮಾತ್ರ ಇದು ಒಗ್ಗಿಲ್ಲ. ಹಗ್ಗ ಬಿಗಿಯುವಾಗಲೆಲ್ಲ ಪಕ್ಕದಲ್ಲಿ ನಿಂತು, "ಅಣ್ಣಾ, ಗಾಡಿ ಕುಣೀತದೆ, ಸೈಕಲ್ಲೂ ಒಸಿ ಕುಣೀಲಿ ಬಿಡು" ಅನ್ನುತ್ತಾನೆ. ಚಕ್ರ ಬಿಚ್ಚಬೇಡ, ಗೋಣಿಚೀಲದಲ್ಲಿ ಹುಲ್ಲು ತುಂಬಿ ನಡುನಡುವೆ ಇಡು ಎನ್ನುವುದು ಅವನ ವಾದ. ನಮ್ಮ ಮಾವನವರಿಗಿಂತ ನಿನಗೆ ಗೊತ್ತೇನಯ್ಯಾ ಎಂದು ಬಾಯಿ ಮುಚ್ಚಿಸಿದೆ.

ಸುಸ್ತು ಮಾತ್ರ ಹೇಳತೀರದು. ದಿನಾ ಅದೇ ಗೋಡೆ, ಅದೇ ಔಷಧಿಯ ವಾಸನೆ. ಅನ್ನದಲ್ಲೂ ಅದೇ ವಾಸನೆ ಬಂದಂತಾಗುತ್ತದೆ. ಮಳೆಗಾಲದ ಮೊದಲು ಮೂರು ಹೋಬಳಿ ಮುಗಿಸಬೇಕಂತೆ. ಕೂಸು ಈಗ ಯಾರ ಹಾಗೆ ಕಾಣುತ್ತದೆ ಎಂದು ಅತ್ತೆಯವರು ಬರೆಸಿದರೆ ಸಂತೋಷ.

ಕಲ್ಲೇಶಪ್ಪ


ಬೀರೂರು
15-2-1959

ಚಿ. ಕಲ್ಲೇಶಪ್ಪನವರಿಗೆ ಆಶೀರ್ವಾದಗಳು.

ನಿಮ್ಮ ಕಾಗದವನ್ನು ಸ್ಟೇಷನ್ನಿಗೆ ಒಯ್ದು ಹಳೆಯ ಗೆಳೆಯರಿಗೆ ಓದಿ ಹೇಳಿದೆ. ಈಗಿನ ಪಾರ್ಸಲ್ ಗುಮಾಸ್ತನಿಗೆ ಬೇಕೆಂದೇ ಎರಡು ಸಲ ಓದಿದೆ. ಆ ಲಕ್ಕಣ್ಣನಿಗೆ ಹೇಳಿ, ಕುಣಿಯುವುದು ನಾಟಕದವರ ಕೆಲಸ, ಸೈಕಲ್ಲಿನದಲ್ಲ.

ಆದರೆ ಒಂದು ಮಾತು ಮನಸ್ಸಿಗೆ ಬಂತು, ಬರೆದೇಬಿಡುತ್ತೇನೆ. ಕಡೂರಿನವರೆಗೆ ಬಂದವರು ಬೀರೂರಿಗೆ ಬರಲಿಲ್ಲ. ಕಡೂರಿನಲ್ಲಿ ನಿಂತು ಸೀಟಿ ಊದಿದರೆ ನಮಗೆ ಕೇಳುತ್ತದೆ. ಕೆಲಸ ಬಿಡುವಿಲ್ಲದ್ದು, ಒಪ್ಪಿದೆ. ಬಾಣಂತಿಯನ್ನು ಐದನೇ ತಿಂಗಳಲ್ಲಿ ಗಂಡ ಬಂದು ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ನಾವಾಗಿಯೇ ಕಳಿಸಿದರೆ ಮಗಳು ಭಾರವಾದಳೆಂದು ಊರು ಆಡಿಕೊಳ್ಳುತ್ತದೆ. ಮಠದ ಅಯ್ಯನವರು ಮಾರ್ಚ್ 23, ಸೋಮವಾರ ಒಳ್ಳೆಯ ದಿನವೆಂದಿದ್ದಾರೆ. ಆ ದಿನ ತಪ್ಪಿಸಬೇಡಿ. ಬುತ್ತಿಗೆ ಹೋಳಿಗೆ ಮಾಡಬೇಕೋ ಕರ್ಜಿಕಾಯಿ ಮಾಡಬೇಕೋ ಎಂಬ ಚರ್ಚೆ ಈಗಲೇ ಶುರುವಾಗಿದೆ.

ಕೂಸು ನಿಮ್ಮ ಹಾಗೆ ಕಾಣುತ್ತದೆಂದು ಮಲ್ಲಿ, ನನ್ನ ಹಾಗೆಂದು ನಿಮ್ಮ ಅತ್ತೆ. ನಾನು ಮಾತಾಡಿಲ್ಲ.

ಬೆನಕಪ್ಪ


ತರೀಕೆರೆ
20-3-1959
(ಕಾರ್ಡು)

ಮಾವನವರಿಗೆ ಶರಣು. ಸೋಮವಾರ ಬರಲು ಆಗುವುದಿಲ್ಲ. ಕ್ಯಾಂಪಿನಲ್ಲಿ ಒಂದು ಸಣ್ಣ ತೊಂದರೆ. ನಾನು ಚೆನ್ನಾಗಿದ್ದೇನೆ. ಬುತ್ತಿ ಮಾಡಿಸಬೇಡಿ. ವಿವರ ಆಮೇಲೆ ಬರೆಯುತ್ತೇನೆ.

ಕಲ್ಲೇಶಪ್ಪ


ಬೀರೂರು
2-4-1959

ಶ್ರೀ ಕಲ್ಲೇಶಪ್ಪನವರಿಗೆ,

ನಿಮ್ಮ ಕಾರ್ಡು ಸೋಮವಾರ ಮಧ್ಯಾಹ್ನ ಬಂತು. ಬೆಳಗ್ಗೆಯೇ ಹೋಳಿಗೆ ಆಗಿತ್ತು. ಮಲ್ಲಿ ಕೂಸಿಗೆ ಹೊಸ ಬಟ್ಟೆ ಹಾಕಿ, ಟ್ರಂಕಿಗೆ ಬೀಗ ಹಾಕಿ, ಹೊಸಿಲ ಹತ್ತಿರ ಕೂತಿದ್ದಳು. ಆ ಹೋಳಿಗೆಯನ್ನು ಬೀದಿಗೆಲ್ಲ ಹಂಚಿದೆವು. ಏನು ವಿಶೇಷ ಎಂದು ಕೇಳಿದವರ ಕೈಗೆ ಇನ್ನೊಂದು ಹೋಳಿಗೆ ಇಟ್ಟೆವು.

ವಿವರ ಆಮೇಲೆ ಎಂದಿದ್ದಿರಿ. ಹತ್ತು ದಿನ ಕಾದೆ. ಮುಂದಿನ ವಾರ ಯುಗಾದಿ. ನಾನು ಹೆಣ್ಣು ಕೊಟ್ಟವನು, ಗಟ್ಟಿಯಾಗಿ ಮಾತಾಡುವ ಹಕ್ಕು ನನಗಿಲ್ಲ. ಆದರೂ ಕೇಳುತ್ತೇನೆ. ಹುಟ್ಟಿದ್ದು ಹೆಣ್ಣೆಂದು ನಿಮ್ಮ ಮನಸ್ಸು ಹಿಂದೆಗೆಯಿತೇ? ಕೂಸು ಹುಟ್ಟಿದಾಗ ಒಂದು ಸಲ ಬಂದು, ಅರ್ಧ ಗಂಟೆ ಕೂತು ಹೋದವರು ನೀವು. ಹಾಗಿದ್ದರೆ ನೇರವಾಗಿ ಹೇಳಿಬಿಡಿ. ನನ್ನ ಮಗಳು ಎರಡು ಹೊತ್ತಿನ ಊಟಕ್ಕೆ ಯಾರ ಬಾಗಿಲನ್ನೂ ಕಾಯಬೇಕಾಗಿಲ್ಲ.

ಬೆನಕಪ್ಪ


ತರೀಕೆರೆ
11-4-1959

ಮಾವನವರ ಪಾದಗಳಿಗೆ ಶರಣು.

ನಿಮ್ಮ ಕಾಗದ ಕೈಸೇರಿತು. ಹೆಣ್ಣು ಮಗುವೆಂದು ಬೇಸರಪಡುವ ಪಾಪಿ ನಾನಲ್ಲ. ಇಷ್ಟನ್ನು ನೀವು ನಂಬಬೇಕು. ಅರ್ಧ ಗಂಟೆ ಕೂತು ಬಂದೆನಲ್ಲ, ಆ ಅರ್ಧ ಗಂಟೆಯೇ ಈಗಲೂ ನನ್ನನ್ನು ನಡೆಸುತ್ತಿದೆ.

ಲಕ್ಕಣ್ಣ ಕಳೆದ ತಿಂಗಳು 17ರಂದು ಲಿಂಗದಹಳ್ಳಿ ಕಡೆಯ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದ. ರಸ್ತೆ ಸರಿ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಅಪಾಯವಿಲ್ಲ. ಅವನನ್ನು ನೋಡಿಕೊಳ್ಳುವುದು, ವಿಚಾರಣೆ, ಓಡಾಟ, ಇದರಲ್ಲಿ ದಿನ ಕಳೆಯಿತು. ಖಾಯಂ ಪಟ್ಟಿಯಲ್ಲಿ ನನ್ನ ಹೆಸರು ಈ ಸಲ ಇಲ್ಲ. ಅಕ್ಟೋಬರಿನ ಪಟ್ಟಿಗೆ ಹಾಕುತ್ತೇನೆಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಅಲ್ಲಿಯವರೆಗೆ ತಾಳಿಕೊಳ್ಳಿ ಎಂದು ಬೇಡುತ್ತೇನೆ. ಕಡೂರಿನ ಮನೆಯ ಬೀಗದ ಕೈ ಸಿಕ್ಕ ದಿನವೇ ಬರುತ್ತೇನೆ.

ಸೈಕಲ್ ಕಟ್ಟುವ ವಿಷಯ ನೀವು ಇನ್ನು ಯೋಚಿಸಬೇಡಿ. ಅದು ನಡೆಯುತ್ತಿದೆ.

ಕಲ್ಲೇಶಪ್ಪ


ಬೀರೂರು
5-5-1959

ಚಿ. ಕಲ್ಲೇಶಪ್ಪನವರಿಗೆ,

ಮೊನ್ನೆ ಭಾನುವಾರ ನಿಮ್ಮ ಲಕ್ಕಣ್ಣ ನಮ್ಮ ಮನೆಗೆ ಬಂದಿದ್ದ. ಆಸ್ಪತ್ರೆಯಿಂದ ಬಿಡಿಸಿಕೊಂಡು ಊರಿಗೆ ಹೋಗುವವನು, ಬೀರೂರಿನಲ್ಲಿ ರೈಲಿಳಿದು, ಕೂಸಿಗೆಂದು ನೀವು ಕೊಟ್ಟ ಲಂಗವನ್ನು ತಲುಪಿಸಲು ಬಂದ. ಬಲಗೈ ಕುತ್ತಿಗೆಗೆ ಕಟ್ಟಿತ್ತು. ಮುಂದಿನ ಎರಡು ಹಲ್ಲಿಲ್ಲ. ನಿಮ್ಮ ಅತ್ತೆ ಮಜ್ಜಿಗೆ ಕೊಟ್ಟರೆ ಕುಡಿಯಲು ಕಷ್ಟಪಟ್ಟ.

ನಾನು ಹಿರಿಯನ ಗತ್ತಿನಲ್ಲಿ ಅವನಿಗೇ ಬುದ್ಧಿ ಹೇಳಲು ಹೋದೆ. ರಸ್ತೆ ನೋಡಿಕೊಂಡು ಓಡಿಸಬಾರದೇನಪ್ಪಾ ಎಂದೆ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ.

"ರಸ್ತೆ ಸಂದಾಗಿತ್ತು ಯಜಮಾನ್ರೆ. ಮುಂದ್ಲ ಫೋರ್ಕು ಜೋಳದ ದಂಟು ಮುರ್ದಂಗೆ ಮುರ್ದೋಯ್ತು. ಚಕ್ರ ಬಿಚ್ಚಿ ಬರೀ ಫೋರ್ಕು ನೆಲಕ್ಕೂರಿ ಬಿಗ್ದು, ಎಲ್ಡು ತಿಂಗ್ಳು ಕಲ್ಲು ರಸ್ತೇಲಿ ಕುಟ್ಟುದ್ರೆ ಕಬ್ಬಿಣ ತಾನೇ ಏನು ಮಾಡ್ತದೆ?"

ಆಮೇಲೆ ಅವನು ನಿಧಾನವಾಗಿ ವಿವರಿಸಿದ. ಗಾಡಿ ಗುಂಡಿಗೆ ಬಿದ್ದಾಗ ಏಟು ತಿನ್ನುವುದಕ್ಕೇ ಟೈರಿನಲ್ಲಿ ಗಾಳಿ ಇರುವುದು. ಆ ಚಕ್ರವನ್ನೇ ಬಿಚ್ಚಿದ ಮೇಲೆ ಎಲ್ಲ ಏಟೂ ಫೋರ್ಕಿನ ಬುಡಕ್ಕೆ ಹೋಗುತ್ತದೆ. ಬಿರುಕು ಬಣ್ಣದ ಒಳಗೇ ಬೆಳೆದಿತ್ತಂತೆ, ಯಾರಿಗೂ ಕಂಡಿಲ್ಲ. ಉಳಿದ ಮೂರನ್ನು ಬಿಚ್ಚಿ ನೋಡಿದರೆ ಇನ್ನೊಂದರಲ್ಲೂ ಕೂದಲೆಳೆಯಷ್ಟು ಬಿರುಕಿತ್ತಂತೆ.

ಕಲ್ಲೇಶಪ್ಪನವರೇ, ರೈಲು ಹಳಿಯ ಮೇಲೆ ಹೋಗುತ್ತದೆ. ಹಳಿಯಲ್ಲಿ ಗುಂಡಿ ಇಲ್ಲ. ಮೂವತ್ತು ವರ್ಷ ಹಳಿಯ ಮೇಲಿನ ವಿದ್ಯೆಯನ್ನೇ ವಿದ್ಯೆ ಎಂದುಕೊಂಡಿದ್ದೆ. ಎತ್ತಿನಗಾಡಿಯಲ್ಲಿ ಒಂದು ಮಡಕೆ ಸಾಗಿಸಿದ ಮುದುಕಿಗೂ ಗೊತ್ತಿರುವುದು ನನಗೆ ತಿಳಿಯಲಿಲ್ಲ. ಹುಲ್ಲು ಹಾಕು ಎಂದ ಮನುಷ್ಯನನ್ನು ನಾಟಕದವನೆಂದು ನಕ್ಕೆ. ಅವನ ಹಲ್ಲಿಲ್ಲದ ಬಾಯಿ ನೋಡಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಹಾಗೆ ಕಟ್ಟಲು ಹೇಳಿದವರು ಯಾರೆಂದು ವಿಚಾರಣೆಯಲ್ಲಿ ಸಾಹೇಬರು ನಿಮ್ಮನ್ನು ಕೇಳಿದರಂತೆ. ನೀವು ಏನೆಂದಿರಿ ಎಂದು ನಾನು ವಿಚಾರಿಸಿದ್ದಕ್ಕೆ ಲಕ್ಕಣ್ಣ ಹೇಳಿದ್ದು ಇಷ್ಟು: "ನಾನು ಆಸ್ಪತ್ರೇಲಿದ್ದೆ, ಕಂಡಿಲ್ಲ. ನಿಮ್ಮ ಹೆಸರು ಮಾತ್ರ ಕಲ್ಲೇಶಣ್ಣ ಹೇಳ್ಲಿಲ್ವಂತೆ." ನೀವು ಎಲ್ಲವನ್ನೂ ನಿಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದೀರಿ. ನಾನಿಲ್ಲಿ ನಿಮಗೆ ಹೆಣ್ಣು ಮಗು ಬೇಡವಾಯಿತೆಂದು ಬರೆದೆ. ಆ ಕಾಗದವನ್ನು ಹರಿದುಹಾಕಿ.

ನಿಮ್ಮನ್ನು ಕೇಳಿದರೆ ಬೇಡವೆನ್ನುತ್ತೀರಿ. ಅದಕ್ಕೇ ಕೇಳದೆ ಮಾಡಿದ್ದೇನೆ. ನಿನ್ನೆ ನಿಮ್ಮ ಸಾಹೇಬರಿಗೆ ರಿಜಿಸ್ಟರ್ ಕಾಗದ ಹಾಕಿದೆ. ಹಾಗೆ ಕಟ್ಟಲು ಬರೆದವನು ನಾನು, ನನ್ನ ಅಳಿಯ ನನ್ನ ಮಾತನ್ನು ನಡೆಸಿದ ಅಷ್ಟೇ, ತಪ್ಪು ನನ್ನದು, ಹುಡುಗನನ್ನು ಖಾಯಂ ಮಾಡಿ ಎಂದು ಕೈಮುಗಿದು ಬರೆದಿದ್ದೇನೆ. ಜನವರಿ 18ರಂದು ನಾನೇ ನಿಮಗೆ ಬರೆದೆನೆಂದು ತಾರೀಖನ್ನೂ ಹಾಕಿದ್ದೇನೆ. ಇನ್ನು ನಿಮ್ಮ ಮೇಲಿನ ಕಳಂಕ ಹೋಗುತ್ತದೆ. ಆ ಹೋಳಿಗೆ ಹಂಚಿದ ದಿನದಿಂದ ಈಚೆಗೆ ಇವತ್ತು ಮನಸ್ಸು ಸ್ವಲ್ಪ ಹಗುರವಾಗಿದೆ.

ಬೆನಕಪ್ಪ


ಅಜ್ಜಂಪುರ
3-6-1959

ಮಾವನವರಿಗೆ ಶರಣು.

ಒಂದು ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಚೆನ್ನಾಗಿದ್ದೇನೆ ಎಂದು ಶುರುಮಾಡಿ ಮುಂದೆ ಹೋಗಲಾಗಲಿಲ್ಲ. ಮುಚ್ಚಿಟ್ಟೂ ಮುಚ್ಚಿಟ್ಟೂ ದಣಿದಿದ್ದೇನೆ. ಈ ಸಲ ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ. ನಿಮಗೆ ನೋವಾಗುತ್ತದೆ, ಕ್ಷಮಿಸಿ.

ನನ್ನ ಕೆಲಸ ಹೋಯಿತು. ನಿಮ್ಮ ಕಾಗದದಿಂದ ಹೋಯಿತು.

ನಾನು ತಪ್ಪನ್ನು ನನ್ನ ತಲೆಯ ಮೇಲೆ ಹೊತ್ತುಕೊಂಡೆ ಎಂದು ನೀವು ತಿಳಿದಿದ್ದೀರಿ. ಹೊತ್ತುಕೊಂಡಿರಲಿಲ್ಲ. ಮಾರ್ಚಿನ ವಿಚಾರಣೆಯಲ್ಲಿ ಸಾಹೇಬರು, ಹೀಗೆ ಕಟ್ಟುವುದನ್ನು ಯಾರು ಕಲಿಸಿದರು ಎಂದು ಕೇಳಿದಾಗ ನಾಲಿಗೆಯ ತುದಿಗೆ ನಿಮ್ಮ ಹೆಸರು ಬಂತು. ಮಾವನ ಹೆಸರನ್ನು ವಿಚಾರಣೆಯ ಕಾಗದದಲ್ಲಿ ಹೇಗೆ ಬರೆಸಲಿ? ನನ್ನದೇ ಬುದ್ಧಿ ಎನ್ನಲು ಧೈರ್ಯ ಸಾಲಲಿಲ್ಲ. ನನಗಿಂತ ಮೊದಲು ಈ ಜೀಪಿನ ಡ್ರೈವರ್ ಆಗಿದ್ದ ರಂಗಪ್ಪನವರು, ಟ್ರೈಲರ್ ಬರುವ ಮೊದಲು, ಬಾಡಿಗೆ ಲಾರಿಯಲ್ಲಿ ಸೈಕಲ್ಲನ್ನು ಹೀಗೆ ಕಟ್ಟುತ್ತಿದ್ದರು, ನೋಡಿ ಕಲಿತೆ ಎಂದುಬಿಟ್ಟೆ. ರಂಗಪ್ಪನವರು ಹೋದ ವರ್ಷ ತೀರಿಕೊಂಡರು. ಸತ್ತವರು ಬಂದು ಇಲ್ಲವೆನ್ನುವುದಿಲ್ಲ ಎಂದು ಆ ಗಳಿಗೆಯಲ್ಲಿ ಹೊಳೆದದ್ದು ನಿಜ. ಬರೆದುಕೊಂಡು ಸಹಿ ಹಾಕಿಸಿದರು. ಹಳೆಯ ರೂಢಿ ನಡೆಸಿದ್ದಾನೆ, ಎಚ್ಚರಿಕೆ ಸಾಕು ಎಂದು ಅಕ್ಟೋಬರಿಗೆ ಮುಂದೂಡಿದರು. ಅವರೇ ನನಗೆ ಕೆಲಸ ಕಲಿಸಿದ್ದು, ಸ್ಟಿಯರಿಂಗಿನ ಮೇಲೆ ನನ್ನ ಕೈ ಇಟ್ಟವರೇ ಅವರು. ಆ ದಿನದಿಂದ ಜೀಪು ಹತ್ತುವಾಗಲೆಲ್ಲ ನಾಚಿಕೆಯಾಗುತ್ತಿತ್ತು.

ನಿಮ್ಮ ಕಾಗದ ಬಂದಮೇಲೆ ಸಾಹೇಬರು ಕರೆಸಿದರು. ಮೇಜಿನ ಮೇಲೆ ನನ್ನ ಹೇಳಿಕೆ, ಪಕ್ಕದಲ್ಲಿ ನಿಮ್ಮ ಕಾಗದ. ಕೆಟ್ಟ ಮನುಷ್ಯರಲ್ಲ ಅವರು. ಬಾಗಿಲು ಹಾಕಿಸಿ ತಾವೇ ದಾರಿ ತೋರಿಸಿದರು.

"ನೋಡು ಕಲ್ಲೇಶಪ್ಪ, ವಯಸ್ಸಾದೋರು ಅಳಿಯನ್ನ ಉಳಿಸೋಕೆ ಸುಳ್ಳು ಬರ್ದಿದ್ದಾರೆ ಅಂತ ನೀನು ಒಂದು ಸಾಲು ಬರ್ಕೊಡು. ಈ ಕಾಗದ ಇಲ್ಲಿಗೇ ಮುಗೀತು."

ಒಂದು ಸಾಲು. ಪೆನ್ನೂ ಅವರೇ ಕೊಟ್ಟರು. ಬರೆದಿದ್ದರೆ ಅಕ್ಟೋಬರಿಗೆ ಖಾಯಂ, ಕಡೂರಿನ ಮನೆ, ಹೆಂಡತಿ, ಮಗು. ಸತ್ತವರೊಬ್ಬರ ಮೇಲೆ ಆಗಲೇ ತಪ್ಪು ಹಾಕಿದ್ದೆ. ಬದುಕಿರುವ ನಿಮ್ಮನ್ನೂ ಸುಳ್ಳುಗಾರರನ್ನಾಗಿ ಮಾಡಬೇಕಿತ್ತು. ಕೈ ಏಳಲಿಲ್ಲ ಮಾವ. ಅದು ದೊಡ್ಡತನವಲ್ಲ, ಇನ್ನೊಂದು ಸುಳ್ಳು ಹೊರುವ ಶಕ್ತಿ ಇರಲಿಲ್ಲ. "ಅವರು ಬರ್ದಿರೋದೇ ನಿಜ ಸ್ವಾಮಿ" ಎಂದೆ. ಸಾಹೇಬರು ಪೆನ್ನನ್ನು ವಾಪಸು ತೆಗೆದುಕೊಂಡರು. ಸೈಕಲ್ ಮುರಿದದ್ದಕ್ಕೆ ತೆಗೆಯುತ್ತಿರಲಿಲ್ಲ, ಸುಳ್ಳು ಹೇಳಿಕೆಗೆ ಸಹಿ ಹಾಕಿದವನನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ಹಂಗಾಮಿ ನೌಕರನಾದ್ದರಿಂದ ಹೆಚ್ಚು ಕಾಗದವೂ ಬೇಕಾಗಲಿಲ್ಲ. ಮೇ 30ಕ್ಕೆ ಜೀಪಿನ ಬೀಗದ ಕೈ, ಟ್ರೈಲರಿನ ಬೀಗದ ಕೈ ಎರಡನ್ನೂ ಒಪ್ಪಿಸಿದೆ.

ನಿಮ್ಮ ಮೇಲೆ ಸಿಟ್ಟು ಬಂತೇ ಎಂದರೆ, ಎರಡು ದಿನ ಬಂತು. ಕೇಳದೆ ಯಾಕೆ ಬರೆದಿರಿ ಎಂದು ಗೋಡೆಗೆ ಹೇಳಿಕೊಂಡೆ. ನಾನಾದರೂ ನಿಮಗೆ ಹೇಳಿದ್ದೆನೇ? ಫೋರ್ಕು ಮುರಿದ ದಿನವೇ ನಿಮಗೆ ತಿಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಿಮ್ಮ ಮನಸ್ಸು ನೊಂದೀತೆಂದು ತಪ್ಪನ್ನು ರಸ್ತೆಯ ಮೇಲೆ ಹಾಕಿ ಬರೆದೆ.

ಈಗ ಇಲ್ಲಿ ಈರಭದ್ರಪ್ಪನವರ ಲಾರಿ ಶೆಡ್ಡಿನ ಹಿಂದೆ ಒಂದು ಕೋಣೆಯಲ್ಲಿದ್ದೇನೆ. ಅವರ ಲಾರಿಗೆ ಡ್ರೈವರ್ ಬೇಕಾದೀತು ಎನ್ನುತ್ತಾರೆ, ಖಚಿತವಿಲ್ಲ. ಬರಿಗೈಯಲ್ಲಿ ಹೆಂಡತಿಯನ್ನು ಕರೆಯಲು ನಿಮ್ಮ ಹೊಸಿಲಿಗೆ ಬರುವ ಮುಖ ನನಗಿಲ್ಲ. ಒಂದು ದಾರಿಯಾಗುವವರೆಗೆ ಮಲ್ಲಿಕಾಂಬ ಅಲ್ಲಿಯೇ ಇರಲಿ. ಎಷ್ಟು ದಿನವೋ ಹೇಳಲಾರೆ. ಇದನ್ನು ಆಕೆಗೆ ಹೇಗೆ ತಿಳಿಸಬೇಕೋ ನೀವೇ ತಿಳಿಸಿ.

ಕಲ್ಲೇಶಪ್ಪ


ಬೀರೂರು
10-6-1959

ಇವರಿಗೆ, ಮಲ್ಲಿಕಾಂಬಳ ಶರಣು.

ಅಪ್ಪ ನಿಮ್ಮ ಕಾಗದ ಓದಿದವರು ಆವತ್ತಿನಿಂದ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಾರೆ. ಸ್ಟೇಷನ್ನಿನ ಕಡೆ ಹೋಗಿಲ್ಲ. ಉತ್ತರ ಬರೆಯಲು ಕೂತು, ಅಳಿಯಂದಿರಿಗೆ ಎಂದು ಬರೆದು, ಅಲ್ಲಿಗೇ ನಿಲ್ಲಿಸುತ್ತಾರೆ. ನಿನ್ನೆ ಕಾಗದ ನನ್ನ ಕೈಗಿಟ್ಟು, "ನೀನೇ ಓದ್ಕೊಳವ್ವ, ನನ್ನ ಕೈಲಿ ಹೇಳೋಕಾಗಲ್ಲ" ಅಂದರು. ಆಮೇಲೆ ಪೆಟ್ಟಿಗೆಯಿಂದ ನಿಮ್ಮ ಹಳೆಯ ಕಾಗದಗಳನ್ನೂ ತೆಗೆದು ಕೊಟ್ಟರು. ಜನವರಿಯಿಂದ ಇಲ್ಲಿಯವರೆಗೆ ಎಲ್ಲವನ್ನೂ ಒಂದೇ ಸಲಕ್ಕೆ ಓದಿದೆ.

ನೀವು ಒಂದು ಮನೆಯನ್ನು ಗಾಲಿಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದಿರಿ, ಅದರಲ್ಲಿ ಎರಡು ಹಲಗೆ, ಒಂದು ಸ್ಟೌವು ಇತ್ತು ಎಂಬುದು ನನಗೆ ಗೊತ್ತಾದದ್ದು ನಿನ್ನೆ. ಲಕ್ಕಣ್ಣನವರು ಬಂದ ದಿನ ನಾನು ಬಾಗಿಲ ಹಿಂದೆಯೇ ಇದ್ದೆ. ಏನಾಯಿತೆಂದು ಕೇಳಿದರೆ ಅಪ್ಪ, ಗಂಡಸರ ಕೆಲಸದ ಮಾತು ಎಂದರು. ಹೋಳಿಗೆ ಹಂಚಿದ ದಿನ ಏನಾಗಿದೆಯೆಂದು ನೀವೂ ನನಗೆ ಒಂದು ಸಾಲು ಬರೆಯಲಿಲ್ಲ. ಮೂರು ತಿಂಗಳು ನಾನೂ ಅಪ್ಪನ ಹಾಗೇ, ಹೆಣ್ಣು ಹೆತ್ತದ್ದಕ್ಕೆ ನಿಮಗೆ ಬೇಡವಾದೆ ಎಂದುಕೊಂಡಿದ್ದೆ. ಕೂಸಿನ ಮುಖ ನೋಡಿದಾಗಲೆಲ್ಲ ಅದೇ ಬರುತ್ತಿತ್ತು. ಅದನ್ನು ನಾನು ಯಾರಿಗೆ ಬರೆಯಬೇಕಿತ್ತು?

ನಿಮಗೆ ಅಪ್ಪನ ಮರ್ಯಾದೆ ದೊಡ್ಡದು. ಅಪ್ಪನಿಗೆ ನಿಮ್ಮ ಮರ್ಯಾದೆ ದೊಡ್ಡದು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಹತ್ತು ತಿಂಗಳು ನನ್ನನ್ನು ಇಲ್ಲಿ ಕೂರಿಸಿದಿರಿ. ಅಜ್ಜಂಪುರದಿಂದ ಬೀರೂರಿಗೆ ಒಂದು ಗಂಟೆಯ ದಾರಿ. ಇಷ್ಟುದ್ದ ಕಾಗದ ಬರೆಯುವ ಹೊತ್ತಿಗೆ ಬಂದು ಹೋಗಬಹುದಿತ್ತು. ಬೈದು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ತಿಳಿದರೂ ಸರಿಯೇ, ಬೈದೇ ಬರೆಯುತ್ತಿದ್ದೇನೆ.

ಕೆಲಸ ಹೋಗಿದ್ದು ನನಗೂ ಸಂಕಟವೇ. ಕಡೂರಿನ ಮನೆಗೆಂದು ಒಂದು ಜೊತೆ ಪಾತ್ರೆ ಎತ್ತಿಟ್ಟಿದ್ದೆ. ಆದರೆ ಆ ಒಂದು ಸಾಲನ್ನು ನೀವು ಬರೆದುಕೊಟ್ಟು ಕೆಲಸ ಉಳಿಸಿಕೊಂಡಿದ್ದರೆ, ಅಪ್ಪ ಇಲ್ಲಿ ಕಂಬಕ್ಕೆ ಒರಗಿ ಕೂರುವುದಕ್ಕೂ ಉಳಿಯುತ್ತಿರಲಿಲ್ಲ. ಅಷ್ಟು ನನಗೆ ಗೊತ್ತು.

ಇನ್ನೊಂದು ಮಾತು. ನಿಮ್ಮ ಕಾಗದದಲ್ಲಿ ಅಪ್ಪನ ನೋವಿದೆ, ನಿಮ್ಮ ನಾಚಿಕೆ ಇದೆ. ರಂಗಪ್ಪನವರ ಹೆಂಡತಿ ಅಂಬಮ್ಮನವರು ಎಲ್ಲಿಯೂ ಇಲ್ಲ. ಅವರು ಇದೇ ಅಜ್ಜಂಪುರದಲ್ಲಿ ಅಲ್ಲವೇ ಇರುವುದು? ನಮ್ಮ ಮದುವೆಯಲ್ಲಿ ನನಗೆ ಹೂ ಮುಡಿಸಿದವರು. ಅವರ ಗಂಡನಿಂದ ಒಬ್ಬನ ಕೈ ಮುರಿಯಿತೆಂಬ ಮಾತು ಆಫೀಸಿನಿಂದ ಅವರ ಕಿವಿಗೆ ಬಿದ್ದಿರಬಹುದು. ನಾವಿಬ್ಬರೂ ಹೋಗಿ ಹಾಗಲ್ಲವೆಂದು ಹೇಳಿಬರಬೇಕು. ಬೈದರೆ ಬೈಸಿಕೊಳ್ಳೋಣ. ಅದಾಗುವವರೆಗೆ ನಾನು ಆ ಊರಿನಲ್ಲಿ ಒಲೆ ಹಚ್ಚುವುದಿಲ್ಲ.

ನಾವಾಗಿಯೇ ಕಳಿಸಿದರೆ ಊರು ಏನೆನ್ನುತ್ತದೆ ಎಂದು ಅವ್ವ ಶುರುಮಾಡಿದಳು. ಅಪ್ಪ ಕಂಬ ಬಿಟ್ಟು ಎದ್ದು ಒಳಗೆ ಬಂದು, "ಊರಿಗೆ ನಾನು ಹೇಳ್ತೀನಿ, ನೀನು ಹೊರಡು" ಅಂದರು. ಒಳ್ಳೆಯ ದಿನ ಕೇಳಿಲ್ಲ. ಈ ತಿಂಗಳು 15, ಸೋಮವಾರ, ಬೆಳಗಿನ ಪ್ಯಾಸೆಂಜರಿಗೆ ನಾನೂ ಮಗಳೂ ಬರುತ್ತೇವೆ. ಅಪ್ಪ ಇಲ್ಲಿ ಹತ್ತಿಸುತ್ತಾರೆ. ಶೆಡ್ಡಿನ ಹಿಂದಿನ ಕೋಣೆ ಎಷ್ಟು ದೊಡ್ಡದೆಂದು ನಾನು ಕೇಳಿಲ್ಲ, ನೀವೂ ಬರೆಯಬೇಡಿ. ಅಜ್ಜಂಪುರದಲ್ಲಿ ರೈಲು ಎರಡೇ ನಿಮಿಷ ನಿಲ್ಲುತ್ತದಂತೆ. ನನ್ನ ಕಂಕುಳಲ್ಲಿ ಮಗು ಇರುತ್ತದೆ, ಟ್ರಂಕು ಇಳಿಸಿಕೊಳ್ಳಲು ನೀವು ಬನ್ನಿ.

ಮಲ್ಲಿಕಾಂಬ